ಎಡಭುಜದ ಹಿಂದಿನ ವಾಲ್ವ್: ಒಂದು ಲಾಂಗ್-ಈಝಿ ವಿಮಾನದ ಪ್ರಕರಣ

1997ರ ಅಕ್ಟೋಬರ್ 12, ಭಾನುವಾರ ಸಂಜೆ. ಕ್ಯಾಲಿಫೋರ್ನಿಯಾದ ಮಾಂಟೆರೆ ವಿಮಾನ ನಿಲ್ದಾಣದಿಂದ ಲಾಂಗ್-ಈಝಿ ಅನ್ನುವ ಎರಡು ಸೀಟಿನ ಪುಟ್ಟ ವಿಮಾನ ಮೇಲೆದ್ದಿತು. ಕಾರ್ಖಾನೆಯಲ್ಲಿ ತಯಾರಾದದ್ದಲ್ಲ, ಹವ್ಯಾಸಿಯೊಬ್ಬರು ಕೈಯಾರೆ ಕಟ್ಟಿದ್ದು. ರನ್‌ವೇ ಮುಟ್ಟಿ ಕೂಡಲೇ ಮೇಲೇರುವ ಅಭ್ಯಾಸವನ್ನು ಕೆಲವು ಸಲ ಮಾಡಿ ಆಮೇಲೆ ಸಮುದ್ರದ ಕಡೆ ಹೊರಟಿತು. ಐದೂವರೆ ಸುಮಾರಿಗೆ ಪೆಸಿಫಿಕ್ ಗ್ರೋವ್ ದಡದ ಹತ್ತಿರ ಮೂಗು ಕೆಳಗಾಗಿ ನೀರಿಗೆ ಅಪ್ಪಳಿಸಿತು. ಒಳಗಿದ್ದವರು ಒಬ್ಬರೇ, ಗಾಯಕ ಜಾನ್ ಡೆನ್ವರ್. ವಿಮಾನ ಅವರ ಕೈಗೆ ಬಂದದ್ದು ಹಿಂದಿನ ದಿನವಷ್ಟೇ.

ಈ ಅಪಘಾತದ ಮಾತು ಬಂದಾಗಲೆಲ್ಲ "ಪೆಟ್ರೋಲ್ ಖಾಲಿಯಾಗಿ ಬಿದ್ದರಂತೆ" ಅಂತ ಹೇಳಿ ಮುಗಿಸುವವರೇ ಜಾಸ್ತಿ. ಅದು ಅರ್ಧ ಮಾತ್ರ ನಿಜ. ಆ ವಿಮಾನಕ್ಕೆ ಎರಡು ಟ್ಯಾಂಕ್ ಇದ್ದವು. ಇನ್ನೊಂದರಲ್ಲಿ ಇಂಧನ ಇತ್ತು. ಅದನ್ನು ಎಂಜಿನ್‌ಗೆ ಕೊಡಲು ತಿರುಗಿಸಬೇಕಾದ ಹಿಡಿ ಮಾತ್ರ ಪೈಲಟ್ ಕೈಗೆ ಸಿಗದ ಜಾಗದಲ್ಲಿತ್ತು. ಹಾಗಾಗಿ ನನ್ನ ಪ್ರಕಾರ ಈ ಪ್ರಕರಣ ಶುರುವಾಗುವುದು ಆ ಭಾನುವಾರ ಅಲ್ಲ, ಅದಕ್ಕೂ ಸುಮಾರು ಹತ್ತು ವರ್ಷ ಮೊದಲು, ವಿಮಾನ ಇನ್ನೂ ಕಟ್ಟುವ ಹಂತದಲ್ಲಿದ್ದಾಗ.

ವಿಮಾನ ಎಂಥದ್ದು

ಲಾಂಗ್-ಈಝಿ ಬರ್ಟ್ ರುಟಾನ್ ಅವರ ವಿನ್ಯಾಸ. ಮೊದಲು ಹಾರಿದ್ದು 1979ರಲ್ಲಿ. ನೋಡಿದರೆ ಹಿಂದುಮುಂದಾಗಿ ಹಾರುವಂತೆ ಕಾಣುತ್ತದೆ. ಎಂಜಿನ್ ಮತ್ತು ಪ್ರೊಪೆಲ್ಲರ್ ಹಿಂದೆ, ಮೂಗಿನ ಹತ್ತಿರ ಒಂದು ಚಿಕ್ಕ ರೆಕ್ಕೆ, ದೊಡ್ಡ ರೆಕ್ಕೆಯ ತುದಿಗಳಲ್ಲಿ ನಿಂತ ಪುಟ್ಟ ರೆಕ್ಕೆಗಳು. ಮೂಗನ್ನು ಪಕ್ಕಕ್ಕೆ ತಿರುಗಿಸುವ ರಡ್ಡರ್‌ಗಳು ಇರುವುದು ಆ ತುದಿಗಳಲ್ಲೇ. ಎಡ ಪೆಡಲ್ ಎಡಗಡೆಯದನ್ನು, ಬಲ ಪೆಡಲ್ ಬಲಗಡೆಯದನ್ನು ಮಾತ್ರ ಹೊರಕ್ಕೆ ತೆರೆಯುತ್ತದೆ. ಪೈಲಟ್ ಒರಗಿ ಕೂರುತ್ತಾನೆ, ಹೆಚ್ಚು ಕಡಿಮೆ ಮಲಗಿದಂತೆ. ವಿಮಾನ ನಡೆಸುವ ಸ್ಟಿಕ್ ಕಾಲುಗಳ ನಡುವೆ ಇಲ್ಲ, ಬಲಗೈ ಪಕ್ಕದ ಕಟ್ಟೆಯ ಮೇಲಿದೆ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದು ಜೋಡಿಸಿದರೆ ಮುಗಿಯುವ ಕಿಟ್ ಕೂಡ ಅಲ್ಲ. ರುಟಾನ್ ಅವರ ಕಂಪನಿ ಮಾರುತ್ತಿದ್ದದ್ದು ನಕ್ಷೆಗಳನ್ನು. ಕಟ್ಟುವವರು ಫೋಮ್ ದಿಮ್ಮಿಗಳನ್ನು ಕಾದ ತಂತಿಯಲ್ಲಿ ಕೊಯ್ದು, ಅದರ ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ಎಪಾಕ್ಸಿ ಸವರಿ, ಒಣಗಿಸಿ, ಉಜ್ಜಿ ವರ್ಷಗಟ್ಟಲೆ ಕೂತು ವಿಮಾನ ಮಾಡಬೇಕು. ಇಂಧನದ ಟ್ಯಾಂಕ್‌ಗಳೂ ಹಾಗೆಯೇ. ರೆಕ್ಕೆಯ ಬುಡ ಅಗಲವಾಗಿ ಮುಂದಕ್ಕೆ ಚಾಚಿಕೊಂಡಿರುತ್ತದಲ್ಲ, ಅದರೊಳಗೇ ಒಂದೊಂದು ಕಡೆ ಒಂದೊಂದು ಟ್ಯಾಂಕ್. ಡೆನ್ವರ್ ಕೊಂಡ ವಿಮಾನಕ್ಕೆ 150 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ ಹಾಕಿದ್ದರು. ವಿನ್ಯಾಸದಲ್ಲಿ ಹೇಳಿದ್ದು ಇದಕ್ಕಿಂತ ಚಿಕ್ಕ ಎಂಜಿನ್‌ಗಳನ್ನು.

ಎರಡೂ ಟ್ಯಾಂಕ್‌ನಿಂದ ಒಟ್ಟಿಗೆ ಯಾಕೆ ಇಂಧನ ತೆಗೆದುಕೊಳ್ಳಬಾರದು ಅಂತ ಕೇಳುವವರಿದ್ದಾರೆ. ರೆಕ್ಕೆ ಮೇಲಿರುವ ವಿಮಾನದಲ್ಲಿ ಇಂಧನ ತಾನಾಗಿ ಕೆಳಗಿಳಿಯುತ್ತದೆ, ಅಲ್ಲಿ ಎರಡನ್ನೂ ತೆರೆದಿಟ್ಟರೆ ತೊಂದರೆ ಇಲ್ಲ. ಟ್ಯಾಂಕ್ ಕೆಳಗಿದ್ದು ಪಂಪು ಎಳೆಯಬೇಕಾದ ಕಡೆ ಕಥೆ ಬೇರೆ. ಒಂದು ಟ್ಯಾಂಕ್ ಖಾಲಿಯಾದರೆ ಪಂಪು ಅದರಿಂದ ಗಾಳಿ ಎಳೆಯುತ್ತದೆ. ತೂತಾದ ಸ್ಟ್ರಾದಲ್ಲಿ ಎಷ್ಟು ಹೀರಿದರೂ ಬಾಯಿಗೆ ಗಾಳಿಯೇ ಬಂದಂತೆ, ಪಕ್ಕದಲ್ಲಿ ತುಂಬಿದ ಟ್ಯಾಂಕ್ ಇದ್ದರೂ ಎಂಜಿನ್‌ಗೆ ಹನಿ ಸಿಗುವುದಿಲ್ಲ. ಅದಕ್ಕೇ ಇಂಥ ವಿಮಾನಗಳಲ್ಲಿ ಟ್ಯಾಂಕ್ ಆರಿಸುವ ವಾಲ್ವ್‌ಗೆ ಎಡ, ಬಲ, ಬಂದ್ ಅಂತ ಮೂರೇ ಸ್ಥಾನ. ಹಾರುವಾಗ ಬದಲಿಸುತ್ತಲೇ ಇರಬೇಕು. ಅಂದರೆ ಈ ಹಿಡಿ ಎಲ್ಲೋ ವರ್ಷಕ್ಕೊಮ್ಮೆ ಬೇಕಾಗುವ ವಸ್ತು ಅಲ್ಲ, ಸ್ಟಿಕ್ ಮತ್ತು ಥ್ರಾಟಲ್ ಆದಮೇಲೆ ಅತಿ ಹೆಚ್ಚು ಕೈ ಹೋಗುವ ಜಾಗಗಳಲ್ಲಿ ಅದೂ ಒಂದು.

ನಕ್ಷೆ ಬಿಟ್ಟು ನಡೆದದ್ದು

ರುಟಾನ್ ಅವರ ನಕ್ಷೆಯಲ್ಲಿ ವಾಲ್ವ್ ಇರುವುದು ಪೈಲಟ್ ಮುಂದೆ, ಕಾಲುಗಳ ನಡುವೆ. ತಲೆ ಬಗ್ಗಿಸಿದರೆ ಕಾಣುತ್ತದೆ, ಕೈ ಚಾಚಿದರೆ ಸಿಗುತ್ತದೆ. ಈ ವಿಮಾನ ಕಟ್ಟಿದವರಿಗೆ ಅದು ಸರಿ ಕಾಣಲಿಲ್ಲ. ಹಾಗೆ ಮಾಡಿದರೆ ಇಂಧನದ ಪೈಪುಗಳು ಕಾಕ್‌ಪಿಟ್ ಒಳಗೆ ಬರುತ್ತವೆ. ಪೈಪು ಸೋರಿದರೆ, ಬಿದ್ದಾಗ ಒಡೆದರೆ, ಬೆಂಕಿ ಮೈಮೇಲೆ. ಅದಕ್ಕೆ ಅವರು ವಾಲ್ವನ್ನು ಹಿಂದೆ ಎಂಜಿನ್ ಕಡೆ ಇಟ್ಟು, ಅದಕ್ಕೆ ಉದ್ದದ ಸರಳು ಜೋಡಿಸಿ, ಸರಳಿನ ಈ ತುದಿಯ ಹಿಡಿಯನ್ನು ಪೈಲಟ್‌ನ ಎಡಭುಜದ ಹಿಂದಿನ ಗೋಡೆಯಲ್ಲಿ ಕೂರಿಸಿದರು.

ಇದನ್ನು ಮೂರ್ಖತನ ಅಂತ ನಗುವವರನ್ನು ನಾನು ಒಪ್ಪುವುದಿಲ್ಲ. ಕಾರಣ ಗಟ್ಟಿಯಾಗಿಯೇ ಇದೆ. ಕಾಕ್‌ಪಿಟ್ ಒಳಗೆ ಇಂಧನ ಬೇಡ ಅನ್ನುವ ವಾದವನ್ನು ವಿಮಾನ ಕಟ್ಟುವವರ ನಡುವೆ ಈಗಲೂ ಕೇಳಬಹುದು. ತಪ್ಪಿದ್ದು ಲೆಕ್ಕ. ಅಪಘಾತದ ಬೆಂಕಿ ಯಾವತ್ತೋ ಒಂದು ದಿನ ಬರಬಹುದಾದ, ಬಹುಶಃ ಬಾರದೇ ಹೋಗುವ ಅಪಾಯ. ಟ್ಯಾಂಕ್ ಬದಲಿಸುವ ಕೆಲಸವೋ ಹೆಚ್ಚು ಕಡಿಮೆ ಪ್ರತಿ ಹಾರಾಟದಲ್ಲೂ ಬರುತ್ತದೆ. ಅಪರೂಪದ ಅಪಾಯವನ್ನು ಓಡಿಸಲು ಹೋಗಿ ದಿನದ ಕೆಲಸವನ್ನೇ ಅಪಾಯ ಮಾಡಿಬಿಟ್ಟರು. ಬದಲಾಯಿಸಲೇಬೇಕು ಅಂತಿದ್ದರೆ ವಾಲ್ವ್ ಹಿಂದೆಯೇ ಇರಲಿ, ಸರಳನ್ನು ಇನ್ನಷ್ಟು ಉದ್ದ ಮಾಡಿ ಹಿಡಿಯನ್ನು ಮುಂದಕ್ಕೆ ತರಬಹುದಿತ್ತಲ್ವಾ?

ಹಿಡಿಯ ಜಾಗ ಒಂದೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಹಿಡಿಯ ಸುತ್ತ ಯಾವ ಗುರುತೂ ಇರಲಿಲ್ಲ. ಸ್ಥಾನಗಳೂ ಅಡ್ಡಾದಿಡ್ಡಿ. ಬಲಕ್ಕೆ ತಿರುಗಿಸಿದರೆ ಎಡ ಟ್ಯಾಂಕ್, ಕೆಳಕ್ಕೆ ತಿರುಗಿಸಿದರೆ ಬಲ ಟ್ಯಾಂಕ್, ಮೇಲಕ್ಕೆ ತಿರುಗಿಸಿದರೆ ಬಂದ್. ಗೊತ್ತಿಲ್ಲದವರು ಗಾಬರಿಯಲ್ಲಿ ಏನು ಮಾಡುತ್ತಾರೆ ಅಂತ ಊಹಿಸಿ. ಇನ್ನು ಇಂಧನ ಎಷ್ಟಿದೆ ಅಂತ ನೋಡಲು ಇದ್ದದ್ದು ಹಿಂದಿನ ಸೀಟಿನ ಪಕ್ಕದ ಗೋಡೆಯಲ್ಲಿ, ಒಳಗಿನ ಮಟ್ಟ ಹೊರಗೆ ಕಾಣುವ ಪಾರದರ್ಶಕ ಪಟ್ಟಿಗಳು. ಅವುಗಳ ಮೇಲೂ ಗುರುತಿಲ್ಲ. ಟ್ಯಾಂಕ್ ಆಕಾರ ಪೆಟ್ಟಿಗೆಯಂತೆ ನೇರವಾಗಿ ಇಲ್ಲದ್ದರಿಂದ ಪಟ್ಟಿಯಲ್ಲಿ ಅರ್ಧ ಕಂಡರೆ ಟ್ಯಾಂಕ್‌ನಲ್ಲಿ ಅರ್ಧ ಇದೆ ಅಂತ ಅರ್ಥ ಅಲ್ಲ. ಜೊತೆಗೆ ಲಾಂಗ್-ಈಝಿಗೆ ಇನ್ನೊಂದು ವಿಚಿತ್ರ ಗುಣ ಇದೆ. ಪೈಲಟ್ ಇಳಿದ ಮೇಲೆ ಹಿಂದಿನ ಎಂಜಿನ್ ಭಾರಕ್ಕೆ ಬಾಲದ ಕಡೆ ಬೀಳಬಾರದು ಅಂತ ಮುಂದಿನ ಚಕ್ರ ಮಡಚಿ ಮೂಗನ್ನು ನೆಲಕ್ಕೆ ಊರಿ ನಿಲ್ಲಿಸುತ್ತಾರೆ. ಆ ಭಂಗಿಯಲ್ಲಿ ಇಂಧನ ಮುಂದಕ್ಕೆ ಸರಿಯುತ್ತದೆ. ನೆಲದ ಮೇಲೆ ಕಂಡ ಮಟ್ಟವನ್ನು ಹಾರುವಾಗಿನ ಮಟ್ಟ ಅಂತ ನಂಬಿದರೆ ಕೆಟ್ಟೆವು.

ಎರಡು ದಿನ

ಡೆನ್ವರ್ ಹೊಸಬರಲ್ಲ. ಅವರ ಹೆಸರಿನಲ್ಲಿ 2,700 ಗಂಟೆಗೂ ಹೆಚ್ಚಿನ ಹಾರಾಟ ಇತ್ತು. ಆದರೆ ಅದರಲ್ಲಿ ಲಾಂಗ್-ಈಝಿಯ ಅನುಭವ ತೀರಾ ಕಡಿಮೆ. ಹಿಂದಿನ ದಿನ ಸುಮಾರು ಅರ್ಧ ಗಂಟೆ ಒಬ್ಬ ಪೈಲಟ್ ಜೊತೆ ಹಾರಿ ಪರಿಚಯ ಮಾಡಿಕೊಂಡು, ವಿಮಾನವನ್ನು ಮಾಂಟೆರೆಗೆ ತಂದಿದ್ದರು. ಆಗ ಅವರ ಬಳಿ ಮಾನ್ಯ ವೈದ್ಯಕೀಯ ಪ್ರಮಾಣಪತ್ರ ಇರಲಿಲ್ಲ, ಪತ್ರಿಕೆಗಳು ಇದನ್ನು ದೊಡ್ಡದು ಮಾಡಿದವು. ಆದರೆ ಪರೀಕ್ಷೆಯಲ್ಲಿ ಮದ್ಯದ ಅಂಶ ಸಿಗಲಿಲ್ಲ, ತನಿಖೆಯ ತೀರ್ಮಾನದಲ್ಲೂ ಅದು ಕಾರಣವಾಗಿ ಬರಲಿಲ್ಲ. ಹಾಗಾಗಿ ಅದನ್ನು ಇಲ್ಲಿಗೆ ಬಿಡೋಣ.

ಹೊರಡುವ ಮೊದಲು ಮಾಂಟೆರೆಯಲ್ಲಿ ನಡೆದದ್ದೇ ನನಗೆ ಇಡೀ ಪ್ರಕರಣದಲ್ಲಿ ಹೊಟ್ಟೆ ಉರಿಸುವ ಭಾಗ. ಹಿಡಿ ಸಿಗುತ್ತಿಲ್ಲ, ಬಿಗಿಯಾಗಿದೆ ಅನ್ನುವುದು ಅವರಿಗೆ ಗೊತ್ತಿತ್ತು. ಅಲ್ಲಿನ ತಂತ್ರಜ್ಞರೊಬ್ಬರ ಜೊತೆ ಅದನ್ನೇ ಮಾತಾಡಿದರು. ಲಾಕ್ ಆಗುವ ಇಕ್ಕಳವನ್ನು ಹಿಡಿಗೆ ಕಚ್ಚಿಸಿ ಉದ್ದ ಮಾಡಿ ನೋಡಿದರು, ಉಪಯೋಗ ಆಗಲಿಲ್ಲ. ಹಾರುವಾಗ ಆಟೋಪೈಲಟ್ ಹಾಕಿ, ವಿಮಾನ ನೇರವಾಗಿ ಹೋಗುತ್ತಿರುವಾಗ ತಿರುಗಿ ವಾಲ್ವ್ ಬದಲಿಸುತ್ತೇನೆ ಅಂತ ಡೆನ್ವರ್ ಹೇಳಿದರು. ಹಿಂದಿನ ಪಟ್ಟಿಗಳಲ್ಲಿ ಇಂಧನದ ಮಟ್ಟ ನೋಡಲು ತಂತ್ರಜ್ಞರು ಒಂದು ಚಿಕ್ಕ ಕನ್ನಡಿ ಕೊಟ್ಟರು. ಬಲ ಟ್ಯಾಂಕ್‌ನಲ್ಲಿ ಅರ್ಧಕ್ಕಿಂತ ಕಡಿಮೆ, ಎಡದಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಅಂತ ಅಂದಾಜು. ಇಂಧನ ಹಾಕಿಸೋಣವಾ ಅಂದಾಗ, ಒಂದು ಗಂಟೆ ಹಾರುತ್ತೇನೆ ಅಷ್ಟೇ, ಬೇಡ ಅಂದರು.

ಇಕ್ಕಳ, ಕನ್ನಡಿ, ಆಟೋಪೈಲಟ್. ಮೂರೂ ಒಂದೇ ತೊಂದರೆಗೆ ಹಚ್ಚಿದ ತೇಪೆಗಳು. ಕಾರ್ಖಾನೆಯ ವಿಮಾನದಲ್ಲಿ ಇಂಥದ್ದು ಕಂಡಿದ್ದರೆ ಇಬ್ಬರಲ್ಲಿ ಒಬ್ಬರಾದರೂ "ಇದು ಹಾರಬಾರದು" ಅಂತಿದ್ದರು ಅಂತ ನನಗನ್ನಿಸುತ್ತದೆ. ಮನೆಯಲ್ಲಿ ಕಟ್ಟಿದ್ದು ಅಂದ ಕೂಡಲೇ "ಇದು ಹೀಗೇ ಇರಬೇಕೇನೋ" ಅನ್ನುವ ರಿಯಾಯಿತಿ ಎಲ್ಲರ ಮನಸ್ಸಿನಲ್ಲೂ ಸುಮ್ನೆ ಬಂದುಬಿಡುತ್ತದೆ.

ದಡದಲ್ಲಿದ್ದವರ ಪ್ರಕಾರ ವಿಮಾನ ಸುಮಾರು 350ರಿಂದ 500 ಅಡಿ ಎತ್ತರದಲ್ಲಿತ್ತು. ಕೆಲವರಿಗೆ ಎಂಜಿನ್ ಸದ್ದು ತಗ್ಗಿದ್ದು ಕೇಳಿಸಿತು. ಮೂಗು ಸ್ವಲ್ಪ ಮೇಲೆದ್ದಿತು, ವಿಮಾನ ಬಲಕ್ಕೆ ಜೋರಾಗಿ ವಾಲಿತು, ಆಮೇಲೆ ನೇರ ಕೆಳಗೆ.

ಕಾಕ್‌ಪಿಟ್ ಒಳಗೆ ಆ ಕೆಲವು ಸೆಕೆಂಡು

ಅಮೆರಿಕದ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿಯವರು ಇಂಥದೇ ವಿಮಾನದಲ್ಲಿ ಕೂತು ಆ ಚಲನೆಯನ್ನು ಮಾಡಿ ನೋಡಿದರು. ಎಡಗೈ ಹಿಂದಕ್ಕೆ ಅಷ್ಟು ಬಾಗುವುದಿಲ್ಲ. ಬಲಗೈಯನ್ನೇ ಎದೆ ಮೇಲಿಂದ ಎಡಭುಜದ ಆಚೆಗೆ ಒಯ್ಯಬೇಕು. ಅಂದರೆ ಮೊದಲು ಸ್ಟಿಕ್ ಬಿಡಬೇಕು, ಭುಜದ ಬೆಲ್ಟ್ ಸಡಿಲ ಮಾಡಬೇಕು, ಮೈಯನ್ನು 90 ಡಿಗ್ರಿ ಎಡಕ್ಕೆ ತಿರುಚಬೇಕು, ಆಮೇಲೆ ಬಿಗಿಯಾದ ಹಿಡಿಯನ್ನು ತಿರುಗಿಸಬೇಕು. ಹೀಗೆ ತಿರುಚಿಕೊಂಡಾಗ ದೇಹ ಆಸರೆಗೆ ಏನನ್ನಾದರೂ ಒದೆಯುತ್ತದೆ. ಬಲಗಾಲಿನ ಕೆಳಗಿದ್ದದ್ದು ಬಲ ರಡ್ಡರ್ ಪೆಡಲ್.

ಹಿಂದಕ್ಕೆ ಬಾಗಿದ ರೆಕ್ಕೆಯ ವಿಮಾನದಲ್ಲಿ ರಡ್ಡರ್ ಒತ್ತಿದರೆ ಮೂಗು ಪಕ್ಕಕ್ಕೆ ತಿರುಗುವುದಷ್ಟೇ ಅಲ್ಲ, ವಿಮಾನ ಅದೇ ಕಡೆ ಉರುಳುತ್ತದೆ. ಲಾಂಗ್-ಈಝಿಯನ್ನು ಬರೀ ಪೆಡಲ್‌ನಿಂದಲೇ ಚೆನ್ನಾಗಿ ವಾಲಿಸಬಹುದು. ಮಾಮೂಲಿ ದಿನದಲ್ಲಿ ಇದು ಒಳ್ಳೆಯ ಗುಣ. ಸ್ಟಿಕ್ ಮೇಲೆ ಕೈ ಇಲ್ಲದೆ, ಕಣ್ಣು ಹಿಂದಿನ ಗೋಡೆ ಮೇಲಿದ್ದು, ಎತ್ತರ 500 ಅಡಿ ಇರುವಾಗ ಅಲ್ಲ. ಎಂಜಿನ್ ನಿಂತದ್ದೇ ಸಾವಿಗೆ ಕಾರಣ ಆಗಬೇಕಿರಲಿಲ್ಲ. ಮುಂದೆ ಸಮುದ್ರ ಇತ್ತು, ಪಕ್ಕದಲ್ಲಿ ದಡ ಇತ್ತು. ಮೂಗು ತಗ್ಗಿಸಿ ತೇಲಿಸಿಕೊಂಡು ಇಳಿಸಿದ್ದರೆ ಬದುಕುವ ಸಾಧ್ಯತೆ ಇರುತ್ತಿತ್ತು. ಆದರೆ ಇಂಧನ ಪಕ್ಕದಲ್ಲೇ ಇದೆ, ಹಿಡಿ ತಿರುಗಿಸಿದರೆ ಸಾಕು ಅಂತ ಗೊತ್ತಿರುವ ಪೈಲಟ್ ಕೈ ಹಿಡಿಯ ಕಡೆಗೇ ಹೋಗುತ್ತದೆ. ನಾನಾದರೂ ನೀವಾದರೂ ಅಷ್ಟೇ.

ನೀರಿನಿಂದ ತೆಗೆದ ವಾಲ್ವ್ ಯಾವ ಸ್ಥಾನದಲ್ಲೂ ಪೂರ್ತಿ ಕೂತಿರಲಿಲ್ಲ. ಬಲ ಟ್ಯಾಂಕ್ ಕಡೆ ಸ್ವಲ್ಪ ಭಾಗ ತೆರೆದಿತ್ತು, ಎಡ ಟ್ಯಾಂಕ್ ಕಡೆ ಒಂದು ಸಣ್ಣ ಸಂದು ಉಳಿದಿತ್ತು. ಆ ಸಂದು ಸಾಕು. ಮೇಲೆ ಹೇಳಿದ ಗಾಳಿಯ ಕಥೆ ಅದೇ. ಅದೇ ಸ್ಥಿತಿಯನ್ನು ಎಂಜಿನ್‌ಗೆ ಜೋಡಿಸಿ ಪರೀಕ್ಷಿಸಿದಾಗ ಇಂಧನದ ಒತ್ತಡ ಕುಸಿದು ಎಂಜಿನ್ ಶಕ್ತಿ ಕಳೆದುಕೊಂಡಿತು.

1999ರ ಜನವರಿಯಲ್ಲಿ ಮಂಡಳಿ ತೀರ್ಮಾನ ಕೊಟ್ಟಿತು. ಮುಖ್ಯ ಕಾರಣ, ವಾಲ್ವ್ ತಿರುಗಿಸಲು ಹೋಗಿ ಪೈಲಟ್ ಗಮನ ಬೇರೆಡೆ ಹರಿದದ್ದು ಮತ್ತು ಗೊತ್ತಿಲ್ಲದೆ ಬಲ ರಡ್ಡರ್ ಒತ್ತಿದ್ದು. ಇಂಧನ ತುಂಬಿಸದೆ ಹೊರಟದ್ದೂ ಕಾರಣವೇ. ಗುರುತಿಲ್ಲದ ಹಿಡಿಯನ್ನು ಕೈಗೆಟುಕದ ಕಡೆ ಇಟ್ಟ ಕಟ್ಟಿದವರ ನಿರ್ಧಾರ, ಗುರುತಿಲ್ಲದ ಮಟ್ಟದ ಪಟ್ಟಿಗಳು, ಈ ಮಾದರಿಯಲ್ಲಿ ಸಾಲದ ತರಬೇತಿ ಮತ್ತು ಅನುಭವ, ಇವೆಲ್ಲ ಪೂರಕ ಅಂಶಗಳು.

ಕಾನೂನಿನ ಪ್ರಕಾರ ಈ ಕ್ರಮ ಸರಿಯೇ. ಹಾರುವ ಹೊಣೆ ಪೈಲಟ್‌ನದು. ಆದರೆ ವಿಮಾನ ಕಟ್ಟುವವರು ಓದಬೇಕಾದದ್ದು ಪೂರಕ ಅಂಶಗಳ ಪಟ್ಟಿಯನ್ನೇ ಮೊದಲು.

ಯಾರೂ ಯಾಕೆ ತಡೆಯಲಿಲ್ಲ

ತಡೆಯುವ ವ್ಯವಸ್ಥೆಯೇ ಅಲ್ಲಿ ಇಲ್ಲ. ಅಮೆರಿಕದಲ್ಲಿ ವಿಮಾನದ ಅರ್ಧಕ್ಕಿಂತ ಹೆಚ್ಚಿನ ಕೆಲಸವನ್ನು ಸ್ವಂತ ಕಲಿಕೆಗೋ ಖುಷಿಗೋ ಹವ್ಯಾಸಿಗಳೇ ಮಾಡಿದ್ದರೆ ಅದು ಪ್ರಾಯೋಗಿಕ ವರ್ಗಕ್ಕೆ ಸೇರುತ್ತದೆ. ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ಪರವಾಗಿ ಒಬ್ಬರು ಬಂದು ಕೆಲಸದ ಗುಣಮಟ್ಟ, ಕಾಗದಪತ್ರ, ಫೋಟೋಗಳನ್ನು ನೋಡುತ್ತಾರೆ. ಆದರೆ ನಕ್ಷೆಯಂತೆ ಇದೆಯಾ ಅಂತ ಕೇಳುವ ಅಧಿಕಾರ ಅವರಿಗಿಲ್ಲ. ನಕ್ಷೆಯನ್ನು ಯಾವ ಇಲಾಖೆಯೂ ಮಂಜೂರು ಮಾಡಿರುವುದಿಲ್ಲ, ಹಾಗಾಗಿ ಅದರಿಂದ ಸರಿದರೆ ನಿಯಮ ಮುರಿದಂತೆ ಆಗುವುದಿಲ್ಲ. ಈ ಸ್ವಾತಂತ್ರ್ಯ ನನಗೆ ಇಷ್ಟ. ರುಟಾನ್ ಅವರ ವಿನ್ಯಾಸಗಳು ಹುಟ್ಟಿದ್ದೇ ಅದರಿಂದ. ಆದರೆ ಅದರ ಬೆಲೆ ಇದು.

ಇನ್ನೂ ಒಂದು ಗಂಟು ಇದೆ. ವಿಮಾನ ಕಟ್ಟಿದವರು ಅರ್ಜಿ ಹಾಕಿ ಆ ಒಂದು ವಿಮಾನದ ವಾರ್ಷಿಕ ತಪಾಸಣೆ ತಾವೇ ಮಾಡುವ ಪರವಾನಗಿ ಪಡೆಯಬಹುದು. ಅದು ಅವರ ಹೆಸರಿಗೆ ಮಾತ್ರ. ವಿಮಾನ ಮಾರಿದರೆ ಪರವಾನಗಿ ಕೊಂಡವರಿಗೆ ಹೋಗುವುದಿಲ್ಲ, ಅಲ್ಲಿಂದ ಮುಂದೆ ಸಾಮಾನ್ಯವಾಗಿ ಲೈಸೆನ್ಸ್ ಇರುವ ಮೆಕ್ಯಾನಿಕ್ ಹತ್ತಿರ ಹೋಗುತ್ತಾರೆ. ಆ ಮೆಕ್ಯಾನಿಕ್ ನೋಡುವುದು ವಿಮಾನ ಸುರಕ್ಷಿತವಾಗಿ ಹಾರುವ ಸ್ಥಿತಿಯಲ್ಲಿದೆಯಾ ಅಂತ. ವಾಲ್ವ್ ಸೋರುತ್ತಿಲ್ಲ, ತಿರುಗುತ್ತದೆ, ಬಂದ್ ಆಗುತ್ತದೆ, ಸಹಿ. ಹಿಡಿ ಎಲ್ಲಿದೆ ಅನ್ನುವುದು ಅವರ ಪಟ್ಟಿಯಲ್ಲೇ ಬರುವುದಿಲ್ಲ. ಬಲಕ್ಕೆ ತಿರುಗಿಸಿದರೆ ಎಡ ಟ್ಯಾಂಕ್ ಅನ್ನುವಂಥ ವಿಷಯ ಇರುವುದು ಕಟ್ಟಿದವರ ತಲೆಯಲ್ಲಿ. ಅವರು ವರ್ಷಗಟ್ಟಲೆ ಅದರ ಜೊತೆ ಇದ್ದವರು. ಮಾರಾಟದ ಕಾಗದದಲ್ಲಿ ಆ ತಿಳಿವಳಿಕೆ ಕೈ ಬದಲಾಗುವುದಿಲ್ಲ.

2012ರಲ್ಲಿ ಎನ್‌ಟಿಎಸ್‌ಬಿ ಇಂಥ ವಿಮಾನಗಳ ಬಗ್ಗೆ ಒಂದು ದೊಡ್ಡ ಅಧ್ಯಯನ ಹೊರತಂದಿತು. 2011ರಲ್ಲಿ ಅವರು ತನಿಖೆ ಮಾಡಿದ ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿಮಾನಗಳು ಕಟ್ಟಿದವರ ಕೈಯಲ್ಲಿ ಇರಲಿಲ್ಲ, ಬೇರೆಯವರಿಂದ ಕೊಂಡವು. ಹೊಸ ಮಾಲೀಕರ ಮೊದಲ ಕೆಲವು ಹಾರಾಟಗಳೇ ಹೆಚ್ಚು ಅಪಾಯದವು ಅಂತಲೂ ಕಂಡಿತು. ಅದಕ್ಕೆ ಒಂದು ವರ್ಷ ಮೊದಲು ಎಫ್‌ಎಎ, ಪರಿಚಯವಿಲ್ಲದ ವಿಮಾನಕ್ಕೆ ಬದಲಾಗುವ ಪೈಲಟ್‌ಗಳ ತರಬೇತಿಗೆ ಅಂತಲೇ ಒಂದು ಸಲಹಾ ಸುತ್ತೋಲೆ ತಂದಿತ್ತು.

ಕಟ್ಟುವವರಿಗೆ, ಕೊಳ್ಳುವವರಿಗೆ

ಕಟ್ಟುತ್ತಿರುವವರು ನಕ್ಷೆಯಿಂದ ಸರಿಯುವ ಮೊದಲು ಒಂದು ಕೆಲಸ ಮಾಡಿ. ರಟ್ಟು, ಪ್ಲೈವುಡ್ ಏನಾದರೂ ಸರಿ, ಆ ಹಿಡಿಯ ಒಂದು ನಕಲು ಮಾಡಿ ಉದ್ದೇಶಿಸಿದ ಜಾಗದಲ್ಲಿ ಅಂಟಿಸಿ. ಹಾರುವಾಗ ಹಾಕುವ ಬೆಲ್ಟನ್ನೇ ಬಿಗಿದು, ಹಾರುವಾಗ ಇಡುವ ದಿಂಬನ್ನೇ ಇಟ್ಟು ಕೂತು ನೋಡಿ. ಕಣ್ಣು ಮುಂದೆ ಇರಲಿ, ಒಂದು ಕೈ ಸ್ಟಿಕ್ ಮೇಲೇ ಇರಲಿ. ಆಮೇಲೆ ನಿಮಗಿಂತ ಗಿಡ್ಡವರನ್ನೋ ಉದ್ದವರನ್ನೋ ಕೂರಿಸಿ ಅದನ್ನೇ ಮಾಡಿಸಿ, ಏನೂ ಹೇಳಿಕೊಡದೆ. ಅವರು ತಡಕಾಡಿದರೆ ಜಾಗ ಸರಿಯಿಲ್ಲ.

ಮಟ್ಟದ ಪಟ್ಟಿಗೆ ಗುರುತು ಹಾಕುವುದು ಬೇಜಾರಿನ ಕೆಲಸ, ಅದಕ್ಕೇ ಜನ ಮುಂದೂಡುತ್ತಾರೆ. ಖಾಲಿ ಟ್ಯಾಂಕ್‌ಗೆ ಒಂದೊಂದೇ ಗ್ಯಾಲನ್ ಸುರಿದು, ಪ್ರತಿ ಸಲ ಗೆರೆ ಎಳೆಯಬೇಕು. ಹಾರುವ ಭಂಗಿಯಲ್ಲಿ ಒಮ್ಮೆ, ನಿಲ್ಲಿಸಿದ ಭಂಗಿಯಲ್ಲಿ ಇನ್ನೊಮ್ಮೆ, ಎಡಕ್ಕೂ ಬಲಕ್ಕೂ ಬೇರೆ ಬೇರೆ. ಕೈಯಲ್ಲಿ ಮಾಡಿದ ಟ್ಯಾಂಕ್‌ಗಳು ಎರಡೂ ಒಂದೇ ಅಳತೆ ಅಂತ ನಂಬುವ ಹಾಗಿಲ್ಲ. ಇದನ್ನು ಮಾಡುವಾಗಲೇ ಇಂಧನ ಹರಿವಿನ ಪರೀಕ್ಷೆಯೂ ಆಗಲಿ. ಪಂಪು ಇರುವ ವ್ಯವಸ್ಥೆಯಲ್ಲಿ ಎಂಜಿನ್ ಪೂರ್ತಿ ಶಕ್ತಿಯಲ್ಲಿ ಕುಡಿಯುವುದರ 125 ಶೇಕಡಾ, ಬರೀ ಎತ್ತರದಿಂದ ಇಳಿಯುವ ವ್ಯವಸ್ಥೆಯಲ್ಲಿ 150 ಶೇಕಡಾ ಹರಿಯಬೇಕು, ಅದೂ ಮೂಗು ಮೇಲೆತ್ತಿದ ಭಂಗಿಯಲ್ಲಿ.

ವಾಲ್ವ್ ಬಿಗಿಯಾಗುತ್ತಿದ್ದರೆ ಅದನ್ನು "ಹಳೇದಾಯ್ತು" ಅಂತ ಬಿಡಬೇಡಿ. ಒಳಗಿನ ಬಿಲ್ಲೆ ಒಣಗಿರುತ್ತದೆ. ಬಿಚ್ಚಿ, ಒರೆಸಿ, ಇಂಧನಕ್ಕೆ ಕರಗದ ಗ್ರೀಸನ್ನು ತೆಳ್ಳಗೆ ಹಚ್ಚಬೇಕು. ಮಾಮೂಲಿ ಗ್ರೀಸ್ ಹಚ್ಚಿದರೆ ಪೆಟ್ರೋಲ್ ಅದನ್ನು ತೊಳೆದು ಕಾರ್ಬ್ಯುರೇಟರ್‌ಗೆ ಕಳಿಸುತ್ತದೆ. ಉದ್ದ ಸರಳಿನ ತುದಿಯಲ್ಲಿ ಹಿಡಿ ಇದ್ದರೆ ಇನ್ನೊಂದು ಕಾಟ. ಕೀಲುಗಳು ಸವೆದಂತೆ ಸಡಿಲ ಹೆಚ್ಚುತ್ತದೆ, ವಾಲ್ವ್ ತನ್ನ ಸ್ಥಾನಕ್ಕೆ ಟಕ್ ಅಂತ ಕೂತದ್ದು ಕೈಗೆ ಗೊತ್ತಾಗುವುದಿಲ್ಲ. ಹಿಡಿ ಬಲ ಟ್ಯಾಂಕ್ ತೋರಿಸುತ್ತಿರುತ್ತದೆ, ವಾಲ್ವ್ ಅರ್ಧ ದಾರಿಯಲ್ಲಿರುತ್ತದೆ. ವರ್ಷಕ್ಕೊಮ್ಮೆ ಎಂಜಿನ್ ಕಡೆಯ ಪೈಪು ಬಿಚ್ಚಿ, ಒಂದೊಂದು ಸ್ಥಾನದಲ್ಲೂ ಯಾವ ಟ್ಯಾಂಕ್‌ನಿಂದ ಎಷ್ಟು ಬರುತ್ತದೆ ಅಂತ ಪಾತ್ರೆ ಹಿಡಿದು ನೋಡುವುದೇ ನಂಬಬಹುದಾದ ಪರೀಕ್ಷೆ. ಬಂದ್ ಸ್ಥಾನದಲ್ಲಿ ಹನಿಯೂ ಬರಬಾರದು.

ಬೇರೆಯವರು ಕಟ್ಟಿದ್ದನ್ನು ಕೊಳ್ಳುವವರು ಮೂಲ ನಕ್ಷೆಯ ಒಂದು ಪ್ರತಿ ಸಂಪಾದಿಸಿ, ವಿಮಾನದ ಪಕ್ಕ ಕೂತು ಎಲ್ಲೆಲ್ಲಿ ಬೇರೆಯಾಗಿದೆ ಅಂತ ಬರೆದಿಟ್ಟುಕೊಳ್ಳಿ. ಕಟ್ಟಿದವರು ಸಿಕ್ಕರೆ ಒಂದೊಂದಕ್ಕೂ ಯಾಕೆ ಅಂತ ಕೇಳಿ, ನಾಚಿಕೆ ಬೇಡ. ಮೊದಲ ಹಾರಾಟಗಳಿಗೆ ಎರಡೂ ಟ್ಯಾಂಕ್ ತುಂಬಿಸಿ. ಟ್ಯಾಂಕ್ ಬದಲಿಸುವ ಮೊದಲ ಪ್ರಯತ್ನ ಎತ್ತರದಲ್ಲಿ, ರನ್‌ವೇಗೆ ತೇಲಿಕೊಂಡು ಬರಬಹುದಾದಷ್ಟು ಹತ್ತಿರದಲ್ಲಿ ಆಗಲಿ. ಬೆಲ್ಟ್ ಸಡಿಲಿಸದೆ ಹಿಡಿ ಸಿಗದಿದ್ದರೆ ಹಾರಾಟವನ್ನು ಅಲ್ಲಿಗೇ ಬಿಟ್ಟು ಹಿಡಿಯ ಜಾಗ ಬದಲಿಸಿ, ಬದಲಿಸಿದ್ದನ್ನು ಲಾಗ್‌ಬುಕ್‌ನಲ್ಲಿ ಬರೆಯಿರಿ, ಹಿಡಿಯ ಸುತ್ತ ಎಡ, ಬಲ, ಬಂದ್ ಅಂತ ದಪ್ಪ ಅಕ್ಷರದ ಪಟ್ಟಿ ಅಂಟಿಸಿ, ಹರಿವಿನ ಪರೀಕ್ಷೆಯನ್ನು ಮೊದಲಿಂದ ಮಾಡಿ.